ಮೇಷ್ಟ್ರ ಲ್ಯಾಪ್‌ಟಾಪಿಗೆ ಡೆಬಿಯನ್

ಬೆಂಗಳೂರಿನ ಬಸವೇಶ್ವರನಗರದಲ್ಲಿ ನಮ್ಮ ಮನೆಯಿಂದ ಎರಡು ಕ್ರಾಸ್ ಆಚೆ ನಿವೃತ್ತ ಕನ್ನಡ ಮೇಷ್ಟ್ರೊಬ್ಬರಿದ್ದಾರೆ. ಒಂದು ಸಂಜೆ ಲ್ಯಾಪ್‌ಟಾಪನ್ನು ಬಟ್ಟೆ ಚೀಲದಲ್ಲಿ ಹಾಕಿಕೊಂಡು ಬಂದರು. ರಿಪೇರಿ ಅಂಗಡಿಯಲ್ಲಿ, “ವಿಂಡೋಸ್ 10ಕ್ಕೆ ಇನ್ನು ಅಪ್‌ಡೇಟ್ ಬರಲ್ಲ ಸಾರ್, ಇದಕ್ಕೆ 11 ಹತ್ತಲ್ಲ, ಎಕ್ಸ್‌ಚೇಂಜಿಗೆ ಕೊಟ್ಬಿಡಿ” ಅಂದಿದ್ದರಂತೆ. “ಇದರಲ್ಲಿ ಎಂಟು ವರ್ಷದ ಬರವಣಿಗೆ ಇದೆ ಕಣ್ರೀ. ಕೀಲಿ ಒಂದೂ ಸವೆದಿಲ್ಲ. ಯಾಕೆ ಎಸೀಬೇಕು?” ಅಂತ ನನ್ನನ್ನು ಕೇಳಿದರು.

ಅಂಗಡಿಯವರು ಹೇಳಿದ್ದರಲ್ಲಿ ಸುಳ್ಳಿಲ್ಲ. ವಿಂಡೋಸ್ 10ರ ಬೆಂಬಲ 2025ರ ಅಕ್ಟೋಬರ್ 14ಕ್ಕೆ ಮುಗಿಯಿತು. ವಿಂಡೋಸ್ 11 ಬೇಕೆಂದರೆ ಟಿಪಿಎಂ 2.0 ಎಂಬ ಭದ್ರತಾ ಚಿಪ್ ಇರಬೇಕು, ಇಂಟೆಲ್ ಆದರೆ ಹೆಚ್ಚುಕಡಿಮೆ ಎಂಟನೇ ಪೀಳಿಗೆಯ ಪ್ರೊಸೆಸರ್ ಇರಬೇಕು. ಮೇಷ್ಟ್ರದು 2014ರ ಯಂತ್ರ, ನಾಲ್ಕನೇ ಪೀಳಿಗೆಯ ಐ3, ನಾಲ್ಕು ಜಿಬಿ ರ‍್ಯಾಮ್. ಹತ್ತಲ್ಲ ಅನ್ನುವುದು ನಿಜ. ಎಸೆಯಬೇಕು ಅನ್ನುವುದು ಮಾತ್ರ ನಿಜವಲ್ಲ. ಮೇಷ್ಟ್ರಿಗೆ ಹೇಳಿದ್ದನ್ನೇ ಈ ವಾರ ಇಲ್ಲಿ ಬರೆಯುತ್ತಿದ್ದೇನೆ, ಏಕೆಂದರೆ ಇಂಥ ಲ್ಯಾಪ್‌ಟಾಪುಗಳು ಕೆಂಗೇರಿಯಿಂದ ರಾಜಾಜಿನಗರದವರೆಗೆ ಮನೆಮನೆಯ ಬೀರುವಿನ ಮೇಲೆ ಕೂತಿವೆ.

ಲಿನಕ್ಸ್ ಅಂದರೇನು ಎಂದು ಯಾರಾದರೂ ಕೇಳಿದರೆ ನನಗೆ ರಾಜಾಜಿನಗರದ ಕೈಗಾರಿಕಾ ಬಡಾವಣೆಯ ಶೆಡ್ಡುಗಳು ನೆನಪಾಗುತ್ತವೆ. ಅಲ್ಲಿ ಒಂದೇ ಅಳತೆಯ ಮೋಟಾರು ಒಂದು ಕಡೆ ಲೇತು ತಿರುಗಿಸುತ್ತದೆ, ಇನ್ನೊಂದು ಕಡೆ ಡ್ರಿಲ್ಲು, ಮತ್ತೊಂದು ಕಡೆ ಹಿಟ್ಟಿನ ಗಿರಣಿ. ಲಿನಕ್ಸ್ ಅಂಥ ಮೋಟಾರು. ತಜ್ಞರು ಅದನ್ನು ಕರ್ನಲ್ ಅನ್ನುತ್ತಾರೆ. 1991ರ ಆಗಸ್ಟ್ 25ರಂದು ಹೆಲ್ಸಿಂಕಿ ವಿಶ್ವವಿದ್ಯಾಲಯದ ವಿದ್ಯಾರ್ಥಿ ಲೈನಸ್ ಟೊರ್ವಾಲ್ಡ್ಸ್ ತಾನು ಇಂಥದ್ದೊಂದನ್ನು ಮಾಡುತ್ತಿದ್ದೇನೆಂದು ಪ್ರಕಟಿಸಿದ. ಮರುವರ್ಷ ಅದನ್ನು ಜಿಪಿಎಲ್ ಪರವಾನಗಿಯ ಕೆಳಗೆ ತಂದ. ಆ ಪರವಾನಗಿ ರಿಚರ್ಡ್ ಸ್ಟಾಲ್ಮನ್ ಅವರದು. 1983ರಲ್ಲೇ ಅವರು ಗ್ನೂ ಯೋಜನೆ ಘೋಷಿಸಿ, ಮೋಟಾರಿನ ಸುತ್ತ ಬೇಕಾದ ಉಪಕರಣಗಳನ್ನು ಒಂದೊಂದಾಗಿ ಕಟ್ಟುತ್ತಿದ್ದರು. ಜಿಪಿಎಲ್ ಹೇಳುವುದಿಷ್ಟು: ಮೋಟಾರಿನ ನಕ್ಷೆ ಎಲ್ಲರಿಗೂ ತೆರೆದಿದೆ. ಬಳಸಿ, ಬಿಚ್ಚಿ ನೋಡಿ, ತಿದ್ದಿ, ಮಾರಿದರೂ ಸರಿ. ಆದರೆ ತಿದ್ದಿದ್ದನ್ನು ಇನ್ನೊಬ್ಬರಿಗೆ ಕೊಟ್ಟರೆ ತಿದ್ದಿದ ನಕ್ಷೆಯನ್ನೂ ಕೊಡಬೇಕು. ದುಡ್ಡಿಲ್ಲದೆ ಸಿಗುವುದು ಆಮೇಲಿನ ಮಾತು. ನಕ್ಷೆ ತೆರೆದಿರುವುದೇ ಇದರ ಜೀವ. ನಿಮ್ಮ ಜೇಬಿನ ಆಂಡ್ರಾಯ್ಡ್ ಫೋನಿನಲ್ಲಿರುವುದೂ ಇದೇ ಕರ್ನಲ್. 2017ರ ನವೆಂಬರಿನಿಂದೀಚೆಗೆ ಜಗತ್ತಿನ ಅತಿ ವೇಗದ 500 ಸೂಪರ್‌ಕಂಪ್ಯೂಟರುಗಳೂ ಇದರ ಮೇಲೇ ಓಡುತ್ತಿವೆ.

ಬೆಂಗಳೂರಿಗೂ ಲಿನಕ್ಸಿಗೂ ನಂಟು ಹಳೆಯದು. 1996ರಲ್ಲಿ ಪಿಸಿಕ್ವೆಸ್ಟ್ ಪತ್ರಿಕೆ ತನ್ನ ಸಿಡಿಯಲ್ಲಿ ಲಿನಕ್ಸ್ ಹಂಚಿತು. ಅದರ ಹಿಂದಿದ್ದವರು ಬೆಂಗಳೂರಿನ ಅತುಲ್ ಚಿಟ್ನಿಸ್. ಮೋಡೆಮ್ ಕಿರುಗುಟ್ಟುತ್ತಿದ್ದ ಆ ಕಾಲದಲ್ಲಿ ಇಷ್ಟು ದೊಡ್ಡ ತಂತ್ರಾಂಶವನ್ನು ಫೋನ್ ಲೈನಿನಲ್ಲಿ ಇಳಿಸಿಕೊಳ್ಳುವುದು ಆಗದ ಮಾತು. ಪತ್ರಿಕೆಯ ಜೊತೆ ಬಂದ ಆ ಸಿಡಿಯೇ ಸಾವಿರಾರು ಮನೆಗಳಿಗೆ ಲಿನಕ್ಸ್ ತಂದಿತು. 2001ರಲ್ಲಿ ಲಿನಕ್ಸ್ ಬೆಂಗಳೂರು ಸಮ್ಮೇಳನ ಶುರುವಾಯಿತು. 2005ರಲ್ಲಿ ಫಾಸ್ ಡಾಟ್ ಇನ್ ಎಂದು ಹೆಸರು ಬದಲಿಸಿಕೊಂಡು 2012ರವರೆಗೆ ನಡೆಯಿತು. ಮರುವರ್ಷ ಚಿಟ್ನಿಸ್ ತೀರಿಕೊಂಡರು. ಭಾರತೀಯ ವಿಜ್ಞಾನ ಸಂಸ್ಥೆಯ ಪ್ರಾಧ್ಯಾಪಕರು ಸೇರಿ ರೂಪಿಸಿದ ಸಿಂಪ್ಯೂಟರ್ ಎಂಬ ಕೈಗಣಕದೊಳಗೂ ಇದ್ದದ್ದು ಲಿನಕ್ಸೇ. ನನ್ನ ಪಾಲಿಗೆ ಲಿನಕ್ಸ್ ಬಂದದ್ದು ಅಂಚೆಯಲ್ಲಿ. ಉಬುಂಟು ಎಂಬ ಲಿನಕ್ಸ್ ತಳಿಯವರು 2011ರವರೆಗೆ, ಕೇಳಿದವರಿಗೆಲ್ಲ ಸಿಡಿಯನ್ನು ತಮ್ಮದೇ ಖರ್ಚಿನಲ್ಲಿ ಮನೆಗೆ ಕಳಿಸುತ್ತಿದ್ದರು. ರಾಜಾಜಿನಗರದ ಬಾಡಿಗೆ ಮನೆಗೆ ಪೋಸ್ಟ್‌ಮ್ಯಾನ್ ತಂದುಕೊಟ್ಟ ಆ ಕಂದು ಲಕೋಟೆ ಇನ್ನೂ ನನ್ನ ಹತ್ತಿರ ಇದೆ.

ಇನ್ನು ಲಿನಕ್ಸಿನ ತಳಿಗಳ ವಿಚಾರ. ಬಳಗದವರ ಬಾಯಲ್ಲಿ ಇವು ಡಿಸ್ಟ್ರೋಗಳು. ಮೋಟಾರಿಗೆ ಚೌಕಟ್ಟು, ಪಟ್ಟಿ, ಗಾಲಿ ಎಲ್ಲ ಕೂಡಿಸಿ ಮನೆಗೆ ಒಯ್ಯುವ ಹಾಗೆ ಮಾಡಿದ ಯಂತ್ರಗಳು. ನೂರಾರು ಇವೆ, ನೀವು ತಿಳಿದುಕೊಳ್ಳಬೇಕಾದ್ದು ನಾಲ್ಕೈದು. 1993ರಲ್ಲಿ ಹುಟ್ಟಿದ ಸ್ಲ್ಯಾಕ್‌ವೇರ್ ಈಗಲೂ ಬದುಕಿರುವ ತಳಿಗಳಲ್ಲಿ ಅತಿ ಹಳೆಯದು. ಅದೇ ವರ್ಷ ಇಯನ್ ಮರ್ಡಾಕ್ ಡೆಬಿಯನ್ ಶುರುಮಾಡಿದರು. ತನ್ನ ಹೆಸರನ್ನೂ ಆಗಿನ ಗೆಳತಿ ಡೆಬ್ರಾಳ ಹೆಸರನ್ನೂ ಕೂಡಿಸಿ ಇಟ್ಟ ಹೆಸರದು. ಡೆಬಿಯನ್ನಿನ ಮೇಲೆ 2004ರಲ್ಲಿ ಉಬುಂಟು ಬಂತು, ಉಬುಂಟುವಿನ ಮೇಲೆ 2006ರಲ್ಲಿ ಮಿಂಟ್. ಅಜ್ಜಿ, ಮಗಳು, ಮೊಮ್ಮಗಳು ಅಂದುಕೊಳ್ಳಿ. ಸಂಸ್ಕೃತದ ‘ಲೋಹಿತ’ ಪದದಿಂದ ಹೆಸರು ಪಡೆದ ಲೋಹಿತ್ ಕನ್ನಡ ಅಕ್ಷರಶೈಲಿಯನ್ನು ನಮಗೆ ಕೊಟ್ಟದ್ದು ರೆಡ್ ಹ್ಯಾಟ್ ಕಂಪನಿ. ಆ ಕಂಪನಿಯ ಆಸರೆಯ ಫೆಡೋರಾ 2003ರದು. ಅದರಲ್ಲಿ ಹೊಸತೆಲ್ಲ ಮೊದಲು ಬರುತ್ತದೆ, ಆರು ತಿಂಗಳಿಗೊಂದು ಆವೃತ್ತಿ. ಕೆಂಗೇರಿ ಕಡೆಯ ಎಂಜಿನಿಯರಿಂಗ್ ಕಾಲೇಜುಗಳ ಹುಡುಗರು ಅದನ್ನು ಹಾಕಿಕೊಳ್ಳಲಿ, ಕಲಿಯುವುದಕ್ಕೆ ಒಳ್ಳೆಯದು. ಆರ್ಚ್ ಅನ್ನು ನೀವೇ ಒಂದೊಂದು ಭಾಗ ಜೋಡಿಸಿ ಕಟ್ಟಿಕೊಳ್ಳಬೇಕು. ಅದರ ಬಳಕೆದಾರರು ಬರೆದಿಟ್ಟಿರುವ ಕೈಪಿಡಿ ಮಾತ್ರ ಯಾವ ತಳಿಯವರಿಗೂ ಕೆಲಸಕ್ಕೆ ಬರುತ್ತದೆ, ನಾನು ವಾರಕ್ಕೊಮ್ಮೆಯಾದರೂ ತೆರೆಯುತ್ತೇನೆ. ಸರ್ಕಾರದ ಸಿ-ಡ್ಯಾಕ್ 2007ರಲ್ಲಿ ತಂದ ಬಾಸ್ ಕೂಡ ಡೆಬಿಯನ್ನಿನ ಮಗುವೇ. ಮನೆ ಬಳಕೆಗೆ ಅದರ ತಾಯಿಯನ್ನೇ ತಂದುಕೊಳ್ಳುವುದು ಮೇಲು.

ನನ್ನ ತೀರ್ಮಾನ ಸರಳ. ವಿಂಡೋಸ್ ಅಭ್ಯಾಸವಾದ, ಬ್ರೌಸರು, ಸಿನಿಮಾ, ಮಕ್ಕಳ ಪಾಠ ಇಷ್ಟೇ ಬೇಕಾದ ಮನೆಗೆ ಮಿಂಟ್, ಯಂತ್ರ ಹಳತಾದರೆ ಅದರ ಹಗುರವಾದ ಎಕ್ಸ್‌ಎಫ್‌ಸಿಇ ಆವೃತ್ತಿ. ಒಮ್ಮೆ ಹಾಕಿ ವರ್ಷಗಟ್ಟಲೆ ಮರೆತುಬಿಡಬೇಕು, ಕನ್ನಡದಲ್ಲಿ ಬರೆಯಬೇಕು ಅನ್ನುವವರಿಗೆ ಡೆಬಿಯನ್. ಮೊದಲು ಡೆಬಿಯನ್ ಹಾಕಿದರೆ ಎಷ್ಟೋ ಯಂತ್ರಗಳಲ್ಲಿ ವೈಫೈ ಹತ್ತುತ್ತಿರಲಿಲ್ಲ, ಅದಕ್ಕೆ ಬೇಕಾದ ಫರ್ಮ್‌ವೇರ್ ಬೇರೆ ಹುಡುಕಬೇಕಿತ್ತು. 2023ರ ಹನ್ನೆರಡನೇ ಆವೃತ್ತಿಯಿಂದ ಅದು ಜೊತೆಯಲ್ಲೇ ಬರುತ್ತದೆ. ಈಗಿನದು ಹದಿಮೂರು, 2025ರ ಆಗಸ್ಟಿನಲ್ಲಿ ಬಂತು, ಹೆಸರು ಟ್ರಿಕ್ಸಿ. ಡೆಬಿಯನ್ ಆವೃತ್ತಿಗಳಿಗೆಲ್ಲ ಟಾಯ್ ಸ್ಟೋರಿ ಚಿತ್ರಮಾಲೆಯ ಪಾತ್ರಗಳ ಹೆಸರೇ.

ಮೇಷ್ಟ್ರಿಗೆ ಎಂಟು ಜಿಬಿಯ ಒಂದು ಪೆನ್ ಡ್ರೈವಿನಲ್ಲಿ ಮಾಟೆ ಎಂಬ ಹಗುರ ಪರದೆವಿನ್ಯಾಸದ ಡೆಬಿಯನ್ ಹಾಕಿಕೊಟ್ಟೆ. ಪೆನ್ ಡ್ರೈವ್ ಚುಚ್ಚಿ ಯಂತ್ರ ಶುರುಮಾಡಿದರೆ, ಹಾರ್ಡ್ ಡಿಸ್ಕ್ ಮುಟ್ಟದೆ ಎಲ್ಲವೂ ಪೆನ್ ಡ್ರೈವಿನಿಂದಲೇ ಓಡುತ್ತದೆ. ಇಷ್ಟವಾಗದಿದ್ದರೆ ಕಿತ್ತರಾಯಿತು, ಹಳೆಯ ವಿಂಡೋಸ್ ಹಾಗೇ ಇರುತ್ತದೆ. ಲಿನಕ್ಸ್ ಪರಿಚಯಕ್ಕೆ ಇದಕ್ಕಿಂತ ಒಳ್ಳೆಯ ದಾರಿ ನನಗೆ ಗೊತ್ತಿಲ್ಲ.

ಮೇಷ್ಟ್ರ ಚಿಂತೆ ಒಂದೇ. “ನುಡಿ ಇಲ್ಲದೆ ನಾನು ಬರೆಯೋದು ಹೇಗೆ? ಬೆರಳು ಅದಕ್ಕೇ ಒಗ್ಗಿಹೋಗಿದೆ.”

ಕೀಲಿಮಣೆಯ ಸೆಟ್ಟಿಂಗ್ ತೆರೆದು ಕನ್ನಡ ಆರಿಸಿದೆ. ಸಿಕ್ಕ ವಿನ್ಯಾಸಗಳಲ್ಲಿ ಒಂದರ ಹೆಸರು ಇಂಗ್ಲಿಷ್ ಅಕ್ಷರಗಳಲ್ಲಿ ‘ಕಗಪ’ ಎಂದಿತ್ತು. ಮೇಷ್ಟ್ರು ಕನ್ನಡಕ ಏರಿಸಿ ಓದಿದರು. ಕನ್ನಡ ಗಣಕ ಪರಿಷತ್ತು! ನುಡಿ ತಂತ್ರಾಂಶ ರೂಪಿಸಿದ ಅದೇ ಪರಿಷತ್ತು. ಕೀಲಿಮಣೆಗೆ ಕೈಯಿಟ್ಟರು. ಕೆ, ಎನ್, ಎಫ್, ಎನ್, ಡಬ್ಲ್ಯು. ಪರದೆಯಲ್ಲಿ ಕ, ನ, ಎಫ್ ಒತ್ತಿದಾಗ ನ್, ಮತ್ತೆ ಎನ್‌ಗೆ ನ್ನ, ಕೊನೆಗೆ ಡ. ಹೊಸದಾಗಿ ಕಲಿಯುವುದು ಏನೂ ಇರಲಿಲ್ಲ. ಆಮೇಲೆ ಪರೀಕ್ಷೆ ಇಟ್ಟರು: ‘ಸ್ವಾತಂತ್ರ್ಯ’. ತಕಾರದ ಕೆಳಗೆ ರ, ಯ ಎರಡೂ ಒತ್ತು ಸರಿಯಾಗಿ ಕೂತವು. ಇಪ್ಪತ್ತು ವರ್ಷದ ಹಿಂದೆ ನನ್ನ ಯಂತ್ರದಲ್ಲಿ ಇದೇ ಪದ ಬರೆದಾಗ ಒತ್ತುಗಳು ಪಕ್ಕಕ್ಕೆ ಸರಿದು ನಿಲ್ಲುತ್ತಿದ್ದವು. ಅಕ್ಷರಗಳನ್ನು ಕೂಡಿಸಿ ಒತ್ತಾಗಿ ಜೋಡಿಸುವ ಕೆಲಸವನ್ನು ಈಗ ಹಾರ್ಫ್‌ಬಜ್ ಎಂಬ ಮುಕ್ತ ತಂತ್ರಾಂಶ ಮಾಡುತ್ತದೆ. ಆಂಡ್ರಾಯ್ಡ್, ಕ್ರೋಮ್, ಫೈರ್‌ಫಾಕ್ಸ್, ಲಿಬ್ರೆಆಫೀಸ್ ಎಲ್ಲದರೊಳಗೂ ಅದೇ ಇದೆ.

ಕೀಲಿಮಣೆಗಳ ಪಟ್ಟಿಯಲ್ಲಿ ಇನ್ನೂ ಒಂದು ತೋರಿಸಿದೆ. ಹಿಂದಿ, ಸಂಸ್ಕೃತ, ಮರಾಠಿ, ತೆಲುಗು ಭಾಷೆಗಳ ಕೆಳಗೂ ಕಗಪ ವಿನ್ಯಾಸ ಇದೆ, ಅದೇ ಹೆಸರಿನಲ್ಲಿ. ಇದರ ಮೂಲ ಮಂಗಳೂರು ಸೀಮೆಯ ಕಿನ್ನಿಕಂಬಳದ ಕೆ.ಪಿ. ರಾವ್ ಅವರ ವಿನ್ಯಾಸ. ವಿದ್ವಾಂಸ ಸೇಡಿಯಾಪು ಕೃಷ್ಣಭಟ್ಟರ ಹೆಸರಿನಲ್ಲಿ ಕನ್ನಡ ತಂತ್ರಾಂಶ ಮಾಡಿ ಹಣ ಕೇಳದೆ ಹಂಚಿದವರು ಅವರು. ಕನ್ನಡಿಗರೊಬ್ಬರು ಬಚ್ಚಿಡದೆ ಕೊಟ್ಟದ್ದು ಇವತ್ತು ಜಗತ್ತಿನ ಯಾವ ಲಿನಕ್ಸ್ ಡೆಸ್ಕ್‌ಟಾಪ್ ತೆರೆದರೂ ಒಳಗೆ ಕೂತಿರುತ್ತದೆ. ಹೆಸರಿನಲ್ಲಿ ‘ಕನ್ನಡ’ದ ಕ ಇಟ್ಟುಕೊಂಡೇ ಹಿಂದಿಯನ್ನೂ ಬರೆಸುತ್ತಿದೆ. ಡೆಬಿಯನ್ನಿನ ಉಗ್ರಾಣದಲ್ಲಿ ಗುಬ್ಬಿ, ನವಿಲು ಎಂಬ ಕನ್ನಡ ಅಕ್ಷರಶೈಲಿಗಳಿವೆ. ಇನ್‌ಸ್ಟಾಲ್ ಮಾಡುವಾಗ ತೋರುವ ಭಾಷೆಗಳ ಸಾಲಿನಲ್ಲೂ ಕನ್ನಡ ಇದೆ. ಲಿನಕ್ಸ್ ಹೊರಗಿನಿಂದ ಬಂದ ವಸ್ತು ಎಂದು ನನಗೆ ಯಾವತ್ತೂ ಅನ್ನಿಸದಿರುವುದು ಇದಕ್ಕೇ.

ಮುಂದಿನ ಭಾನುವಾರ ಬಿಡಿಭಾಗಗಳಿಗೆ ಎಸ್.ಪಿ. ರಸ್ತೆಗೆ ಹೋಗದೆ, ವಿಜಯನಗರದಲ್ಲೇ ಸಿಕ್ಕ 256 ಜಿಬಿಯ ಎಸ್‌ಎಸ್‌ಡಿ ಮತ್ತು ಇನ್ನೊಂದು ನಾಲ್ಕು ಜಿಬಿ ರ‍್ಯಾಮ್ ಹಾಕಿ ಪೂರ್ತಿ ಡೆಬಿಯನ್ನಿಗೆ ಬದಲಿಸಿದೆವು. ಒಂದು ತೊಡಕು ಬಂತು. ಮೇಷ್ಟ್ರ ಹಳೆಯ ಕಡತಗಳು ಯೂನಿಕೋಡಿನಲ್ಲಿ ಇರಲಿಲ್ಲ, ನುಡಿಯ ಹಳೆಯ ಆಸ್ಕಿ ಅಕ್ಷರಶೈಲಿಯಲ್ಲಿದ್ದವು. ಬರವಣಿಗೆಯ ತಂತ್ರಾಂಶ ಲಿಬ್ರೆಆಫೀಸಿನಲ್ಲಿ ತೆರೆದರೆ ಎಲ್ಲ ಇಂಗ್ಲಿಷ್ ಅಕ್ಷರ, ಚಿಹ್ನೆಗಳ ಗೋಜಲು. ಅರವಿಂದ ವಿ.ಕೆ. ಅವರು ಬರೆದು ಎಲ್ಲರಿಗೂ ಬಿಟ್ಟುಕೊಟ್ಟಿರುವ ಆಸ್ಕಿ–ಯೂನಿಕೋಡ್ ಪರಿವರ್ತಕಕ್ಕೆ ಕೊಟ್ಟೆವು, ಕನ್ನಡವಾಗಿ ಹೊರಬಂತು. ಕೆಲವು ಕಡೆ ಒತ್ತಕ್ಷರ ತಪ್ಪಿತ್ತು, ಮೇಷ್ಟ್ರು ಕೂತು ತಿದ್ದಿದರು. ನಿಮ್ಮಲ್ಲೂ ಇಂಥ ಕಡತಗಳಿದ್ದರೆ ವಿಂಡೋಸ್ ಇರುವಾಗಲೇ ಒಂದು ಪ್ರತಿ ತೆಗೆದಿಟ್ಟುಕೊಂಡು ಬದಲಿಸಿ.

ಎಲ್ಲರಿಗೂ ಇದು ಹೊಂದುತ್ತದೆ ಎಂದು ಹೇಳಿದರೆ ತಪ್ಪಾಗುತ್ತದೆ. ಟ್ಯಾಲಿಯಲ್ಲಿ ಲೆಕ್ಕ ಬರೆಯುವವರು, ಪೇಜ್‌ಮೇಕರಿನಲ್ಲಿ ಲಗ್ನಪತ್ರಿಕೆ ಮಾಡುವ ಡಿಟಿಪಿ ಅಂಗಡಿಯವರು ವಿಂಡೋಸ್ ಬಿಡುವುದು ಕಷ್ಟ. ಕೆಲವು ಹಳೆಯ ಲೇಸರ್ ಪ್ರಿಂಟರುಗಳೂ, ತೆರಿಗೆಯ ಡಿಜಿಟಲ್ ಸಹಿಯ ಡಾಂಗಲುಗಳೂ ಹಟ ಮಾಡುತ್ತವೆ. ಇವು ಬೇಕಾದವರು ಪೆನ್ ಡ್ರೈವಿನಲ್ಲೇ ಮೊದಲು ಪರೀಕ್ಷಿಸಿ. ಶಾಲೆಗಳ ವಿಷಯ ಬೇರೆ. ಬೆಂಗಳೂರಿನ ಐಟಿ ಫಾರ್ ಚೇಂಜ್ ಸಂಸ್ಥೆ ಶಿಕ್ಷಣ ಇಲಾಖೆಯೊಡನೆ 2011ರಲ್ಲಿ ಶುರುಮಾಡಿದ ವಿಷಯ ಶಿಕ್ಷಕರ ವೇದಿಕೆಯಲ್ಲಿ ಸರ್ಕಾರಿ ಪ್ರೌಢಶಾಲೆಗಳ ಮೇಷ್ಟ್ರುಗಳು ಉಬುಂಟುವಿನ ಮೇಲೆ ಜಿಯೋಜೀಬ್ರಾ ಕಲಿತು ಪಾಠ ಮಾಡಿದರು. ಅವರಿಗೆ ಸಾಧ್ಯವಾದದ್ದು ನಮ್ಮ ಬಡಾವಣೆಯ ಶಾಲೆಗಳಿಗೂ ಸಾಧ್ಯ.

ಕಳೆದ ವಾರ ಮೇಷ್ಟ್ರು ಮತ್ತೆ ಬಂದರು, ಕೈಯಲ್ಲಿ ಒಂದು ನೋಟ್‌ಬುಕ್. ಪರದೆಯ ಮೆನುವಿನಲ್ಲಿ ಕಂಡ ಕನ್ನಡ ಪದಗಳನ್ನೆಲ್ಲ ಬರೆದುಕೊಂಡು ಕೆಂಪು ಶಾಯಿಯಲ್ಲಿ ಗುರುತು ಹಾಕಿದ್ದರು. ಕಡತ, ಕಸದಬುಟ್ಟಿ ಸರಿ. “ಅಪ್ಲಿಕೇಶನ್ನಿಗೆ ‘ಅನ್ವಯ’ ಅಂತ ಹಾಕಿದ್ದಾರಲ್ರೀ. ಪದ್ಯ ಕೊಟ್ಟು ಅನ್ವಯಿಸಿ ಬರೆಯಿರಿ ಅಂತ ಮೂವತ್ತು ವರ್ಷ ಪರೀಕ್ಷೇಲಿ ಕೇಳಿದ್ದೀನಿ ನಾನು. ಇದನ್ನ ಬದಲಿಸೋರು ಯಾರು?” ಎಂದರು. ನೀವೇ, ಎಂದೆ. ಈ ಅನುವಾದ ಮಾಡಿದವರು ಬಿಡುವಿನ ವೇಳೆಯಲ್ಲಿ ಕೂತು ಸಾವಿರಾರು ಸಾಲು ಕನ್ನಡಕ್ಕೆ ತಂದ ಸ್ವಯಂಸೇವಕರು. ಅವರ ಕೆಲಸದ ಮೇಲೆಯೇ ಮುಂದುವರಿಯಬಹುದು. ಹೊಸ ಆವೃತ್ತಿಗಳ ಸಾಲುಗಳು ಎಷ್ಟೋ ಇನ್ನೂ ಇಂಗ್ಲಿಷಿನಲ್ಲೇ ಉಳಿದಿವೆ. ತಿದ್ದುವುದಕ್ಕೆ ಪ್ರೋಗ್ರಾಮಿಂಗ್ ಗೊತ್ತಿರಬೇಕಿಲ್ಲ. ಒಂದು ಕಡೆ ಇಂಗ್ಲಿಷ್ ಸಾಲು, ಎದುರಿಗೆ ಖಾಲಿ ಜಾಗ, ಅಷ್ಟೇ.

ಗ್ನೋಮ್ ಎಂಬ ಡೆಸ್ಕ್‌ಟಾಪ್, ಲಿಬ್ರೆಆಫೀಸ್, ಡೆಬಿಯನ್ ಮೂರಕ್ಕೂ ಕನ್ನಡ ಅನುವಾದಕರು ಬೇಕಾಗಿದ್ದಾರೆ. ಕನ್ನಡ ಮೇಷ್ಟ್ರೇ, ಮೇಡಂ, ಪ್ರೂಫ್ ನೋಡಿ ಕಣ್ಣು ಪಳಗಿದವರೇ, ವಾರಕ್ಕೊಂದು ಗಂಟೆ ಕೊಡಿ.