ಸಂಘದ ಒಳಗಿನವರು, ಹೊರಗಿನವರು

ಕುಶಾಲನಗರ ಬಳಿಯ ಚಿಕ್ಕಅಳುವಾರದಲ್ಲಿದ್ದ ಮಂಗಳೂರು ವಿಶ್ವವಿದ್ಯಾಲಯದ ಸ್ನಾತಕೋತ್ತರ ಕೇಂದ್ರವೇ 2023ರಲ್ಲಿ ಕೊಡಗು ವಿಶ್ವವಿದ್ಯಾಲಯವಾಯಿತು. 2025ರ ಫೆಬ್ರುವರಿಯಲ್ಲಿ ಡಿ.ಕೆ. ಶಿವಕುಮಾರ್ ನೇತೃತ್ವದ ಸಂಪುಟ ಉಪಸಮಿತಿ ಮುಚ್ಚಲು ಹೊರಟ ಒಂಬತ್ತು ವಿ.ವಿ.ಗಳಲ್ಲಿ ಇದರ ಹೆಸರೂ ಬಂತು. ಇಂಥ ಸುದ್ದಿ ಬಂದಾಗ ಕಾಯಂ ನೌಕರರಿಗೆ ಮುಂದೆ ಯಾವ ಊರಿಗೆ ಹಾಕುತ್ತಾರೋ ಎಂಬ ಚಿಂತೆ. ಅತಿಥಿ ಉಪನ್ಯಾಸಕರಿಗೆ ಕೆಲಸವೇ ಉಳಿಯುತ್ತದೆಯೇ ಎಂಬ ಚಿಂತೆ.

ನಮ್ಮ ಉನ್ನತ ಶಿಕ್ಷಣದಲ್ಲಿ ಸಂಘ ಕಟ್ಟುವ ರೂಢಿಯೇ ಈ ಬಿರುಕನ್ನು ಗಟ್ಟಿ ಮಾಡಿದೆ. ಅಧ್ಯಾಪಕರಿಗೊಂದು ಸಂಘ, ಬೋಧಕೇತರರಿಗೊಂದು, ಅತಿಥಿಗಳಿಗೆ ಮತ್ತೊಂದು. ಒಳಗಿನವರು ತಮ್ಮ ವಿ.ವಿ.ಯನ್ನು ನಿಯಮಗಳ ಮೂಲಕ ನೋಡುತ್ತಾರೆ: ಜ್ಯೇಷ್ಠತೆ, ಮುಂಬಡ್ತಿ, 2006ರ ಏಪ್ರಿಲ್ ನಂತರ ಸೇರಿದವರಿಗೆ ಹಳೆ ಪಿಂಚಣಿಯ ಬೇಡಿಕೆ. ಅನ್ಯಾಯವಾದರೆ ಅರ್ಜಿ ಕೊಡಬಹುದು, ಧರಣಿ ಕೂರಬಹುದು ಎಂಬ ಧೈರ್ಯ ಅವರಿಗಿದೆ. ಅತಿಥಿಗಳು ಅದೇ ವಿ.ವಿ.ಯನ್ನು ವ್ಯಕ್ತಿಗಳ ಮೂಲಕ ನೋಡಬೇಕಾಗಿದೆ. ಮುಂದಿನ ಸೆಮಿಸ್ಟರ್‌ಗೆ ಕಾರ್ಯಭಾರ ಹಂಚುವವರು ಯಾರು, ಅವರಿಗೆ ಬೇಸರವಾಗಿದೆಯೇ? ಹಾಗಾಗಿ ಅತಿಥಿಗಳು ಮಾತಾಡುವುದಿಲ್ಲ. ಆ ಮೌನವನ್ನು ತೃಪ್ತಿಯೆಂದು ಎಣಿಸುವುದು ಸಂಘಗಳ ದೊಡ್ಡ ತಪ್ಪು.

ಕಾನೂನೂ ಇದೇ ಹಾದಿ ಹಿಡಿದಿದೆ. 1978ರ ಬೆಂಗಳೂರು ಜಲಮಂಡಳಿ ತೀರ್ಪಿನಲ್ಲಿ ಸುಪ್ರೀಂ ಕೋರ್ಟ್ ಶಿಕ್ಷಣ ಸಂಸ್ಥೆಯನ್ನೂ ಉದ್ಯಮವೆಂದು ಒಪ್ಪಿತು. 1988ರ ಸುಂದರಾಂಬಾಳ್ ಪ್ರಕರಣದಲ್ಲಿ ಮಾತ್ರ ಶಿಕ್ಷಕರು ಕಾರ್ಮಿಕರಲ್ಲ ಎಂದಿತು. ಗುಮಾಸ್ತರಿಗೆ ತೆರೆದ ಕಾರ್ಮಿಕ ಕಾನೂನಿನ ಬಾಗಿಲು ಪಾಠ ಹೇಳುವವರಿಗೆ ಮುಚ್ಚಿತು. ಕಾಯಂ ಅಧ್ಯಾಪಕರಿಗೆ ಸೇವಾ ನಿಯಮಗಳ ಆಸರೆಯಾದರೂ ಇದೆ. ಅತಿಥಿಗಳಿಗೆ ಅದೂ ಇಲ್ಲ.

ಅತಿಥಿಗಳು ತಾವೇ ಬೀದಿಗಿಳಿದಾಗ ಏನೂ ಸಿಗಲಿಲ್ಲವೆನ್ನಲಾಗದು. 2022ರ ಜನವರಿಯಲ್ಲಿ ಸರ್ಕಾರಿ ಪದವಿ ಕಾಲೇಜುಗಳಲ್ಲಿ ಅವರ ಗೌರವಧನ ಅರ್ಹತೆ, ಅನುಭವಕ್ಕೆ ತಕ್ಕಂತೆ 26,000 ಮತ್ತು 32,000 ರೂಪಾಯಿ ನಡುವಿನ ಮೊತ್ತಕ್ಕೆ ಏರಿತು. 2023ರ ನವೆಂಬರ್‌ನಲ್ಲಿ ತರಗತಿ ಬಿಟ್ಟು ಹೊರಬಂದವರು 2024ರ ಜನವರಿಯಲ್ಲಿ ತುಮಕೂರಿನ ಸಿದ್ಧಗಂಗೆಯಿಂದ ಬೆಂಗಳೂರಿಗೆ ನಡೆದರು. ಗೌರವಧನ ಮತ್ತೆ ಹೆಚ್ಚಿತು, ಸೇವೆ ಕಾಯಂ ಆಗಲಿಲ್ಲ. ಯುಜಿಸಿ 2019ರಲ್ಲೇ ಹೇಳಿದ್ದ ತಿಂಗಳ ಗರಿಷ್ಠ 50,000 ಇನ್ನೂ ದೂರದಲ್ಲೇ ಇತ್ತು. ಕಾಯಂ ಅಧ್ಯಾಪಕರ ಸಂಘಗಳು ಆ ರಸ್ತೆಯಲ್ಲಿ ಜೊತೆಗೆ ಹೆಜ್ಜೆ ಹಾಕಿದ್ದರೆ ಸರ್ಕಾರಕ್ಕೆ ಅಷ್ಟು ಸುಲಭದಲ್ಲಿ ಕೈತೊಳೆದುಕೊಳ್ಳಲು ಆಗುತ್ತಿರಲಿಲ್ಲ.

ಕೊಡಗು ವಿ.ವಿ. ಚಿಕ್ಕದು, ಅಲ್ಲಿ ಒಬ್ಬರಿಗೊಬ್ಬರು ಅಪರಿಚಿತರಲ್ಲ. ಅಲ್ಲಿನ ಕಾಯಂ ನೌಕರರಲ್ಲಿ ನನ್ನ ವಿನಂತಿ ಇದು: ಅತಿಥಿ ಉಪನ್ಯಾಸಕರಿಗೂ ನಿಮ್ಮ ಸಂಘದಲ್ಲಿ ಸದಸ್ಯತ್ವ ಕೊಡಿ, ಮತದ ಹಕ್ಕನ್ನೂ ಕೊಡಿ.