ಪ್ಯಾರಾಶಾಕ್ ಕಾಯುವುದು ಯಾವುದನ್ನು?

ಹಳೆಯ ಎಚ್‌ಎಂಟಿ ಜನತಾ ವಾಚು ಕೊಳ್ಳುವವರು ಡಯಲ್ ಅಸಲಿಯೋ, ಮತ್ತೆ ಬಣ್ಣ ಹೊಡೆಸಿದ್ದೋ ಎಂದು ಕಣ್ಣು ಕಿರಿದು ಮಾಡಿ ನೋಡುತ್ತಾರೆ. ಅದರ ಮೇಲೆ '17 ಜ್ಯುವೆಲ್ಸ್' ಜೊತೆಗೇ ಇರುವ 'ಪ್ಯಾರಾಶಾಕ್' ಎಂಬ ಪದದ ಕಡೆಗೆ ಗಮನ ಹೋಗುವುದು ಕಡಿಮೆ. ನನ್ನನ್ನು ಕೇಳಿದರೆ ಮೊದಲು ವಿಚಾರಿಸಬೇಕಾದದ್ದು ಅದನ್ನೇ.

ಕೀ ಕೊಡುವ ವಾಚಿನ ಜೀವ ಬ್ಯಾಲೆನ್ಸ್ ಚಕ್ರದಲ್ಲಿದೆ. ಜನತಾದಲ್ಲಿ ಅದು ಸೆಕೆಂಡಿಗೆ ಐದು ಟಿಕ್ ಹೊಡೆಯುತ್ತದೆ. ಚಕ್ರದ ಭಾರವೆಲ್ಲ ನಿಂತಿರುವುದು ಅದರ ಅಚ್ಚಿನ ಎರಡು ತುದಿಗಳ ಮೇಲೆ. ಒಂದೊಂದು ತುದಿಯ ದಪ್ಪ ಸುಮಾರು 0.1 ಮಿಲಿಮೀಟರ್, ಹೆಚ್ಚುಕಮ್ಮಿ ತಲೆಗೂದಲಿನಷ್ಟು. ವಾಚು ಬಿದ್ದರೆ ಮೊದಲು ಮುರಿಯುವುದು ಇದೇ.

1790ರ ಸುಮಾರಿಗೆ ಪ್ಯಾರಿಸ್ಸಿನಲ್ಲಿ ಅಬ್ರಹಾಂ ಲೂಯಿ ಬ್ರೆಗೆ ಇದಕ್ಕೆ ಉಪಾಯ ಕಂಡುಕೊಂಡ: ತುದಿಯನ್ನು ಹೊತ್ತ ಕಲ್ಲನ್ನು (ಜ್ಯುವೆಲ್) ಬಿಗಿಯದೆ ಸ್ಪ್ರಿಂಗಿನ ಮೇಲೆ ಕೂರಿಸಿದ. 1930ರ ದಶಕದ ಸ್ವಿಸ್ ಇಂಕಾಬ್ಲಾಕ್, 1956ರಲ್ಲಿ ಜಪಾನಿನ ಸಿಟಿಜನ್ ತಂದ ಪ್ಯಾರಾಶಾಕ್ ಎರಡೂ ಆ ತತ್ವದವೇ. ಪೆಟ್ಟು ಬಿದ್ದಾಗ ಕಲ್ಲು ಸರಿಯುತ್ತದೆ; ಅಚ್ಚಿನ ದಪ್ಪನೆಯ ಭಾಗ ಲೋಹದ ಗೋಡೆಗೆ ತಾಗಿ ಆ ಪೆಟ್ಟನ್ನು ಹೊರುತ್ತದೆ; ಮರುಕ್ಷಣ ಸ್ಪ್ರಿಂಗು ಕಲ್ಲನ್ನು ಸ್ವಸ್ಥಾನಕ್ಕೆ ತಳ್ಳುತ್ತದೆ. 1961ರಲ್ಲಿ ಸಿಟಿಜನ್ ಸಹಯೋಗದಲ್ಲಿ ಬೆಂಗಳೂರಿನಲ್ಲಿ ಎಚ್‌ಎಂಟಿಯ ವಾಚು ತಯಾರಿಕೆ ಶುರುವಾದಾಗ ಈ ವಿದ್ಯೆಯೂ ನಮ್ಮಲ್ಲಿಗೆ ಬಂತು.

ಹಾಗೆಂದು ಪ್ಯಾರಾಶಾಕ್ ಇಡೀ ವಾಚಿಗೆ ರಕ್ಷಾಕವಚವಲ್ಲ. ಅದು ಕಾಯುವುದು ಬ್ಯಾಲೆನ್ಸಿನ ತುದಿಗಳನ್ನು ಮಾತ್ರ. ಮುಳ್ಳು ಸಡಿಲವಾಗಬಹುದು, ಗಾಜು ಒಡೆಯಬಹುದು. ಬ್ಯಾಲೆನ್ಸ್ ಚಕ್ರವನ್ನು ಆಡಿಸುವ ಹೇರ್‌ಸ್ಪ್ರಿಂಗಿನ ಸುರುಳಿಗಳು ಒಂದಕ್ಕೊಂದು ಅಂಟಿಕೊಂಡರೆ ವಾಚು ನಿಲ್ಲದೆ ವಿಪರೀತ ಮುಂದೆ ಓಡುತ್ತದೆ. ಆಘಾತ ನಿರೋಧಕ ವಾಚುಗಳಿಗೆ ಇಂದಿರುವ ಐಎಸ್‌ಒ 1413 ಪರೀಕ್ಷೆಯ ಪೆಟ್ಟು ಕೂಡ ಒಂದು ಮೀಟರ್ ಎತ್ತರದಿಂದ ಗಟ್ಟಿ ಮರದ ಮೇಲೆ ಬಿದ್ದಷ್ಟು. ನಮ್ಮ ಮನೆಗಳಲ್ಲಿ ವಾಚು ಬೀಳುವುದು ಗ್ರಾನೈಟಿನ ಮೇಲೆ.

ಆದ್ದರಿಂದ ಹಳೆಯದನ್ನು ಕೊಳ್ಳುವ ಮುಂಚೆ ರಿಪೇರಿಯವರಿಂದ ಹಿಂದಿನ ಮುಚ್ಚಳ ತೆಗೆಸಿ. ಬ್ಯಾಲೆನ್ಸಿನ ನಡುವಿನ ಕೆಂಪು ಕಲ್ಲಿನ ಮೇಲೆ ಪುಟ್ಟ ಸ್ಪ್ರಿಂಗು ನೆಟ್ಟಗೆ ಕೂತಿದೆಯೇ, ಯಾರಾದರೂ ಬಿಚ್ಚುವಾಗ ಚಿಮ್ಮಿ ಕಳೆದಿದೆಯೇ, ಭೂತಗನ್ನಡಿಯಲ್ಲಿ ನೋಡಲು ಹೇಳಿ. ಅದಿಲ್ಲದ ವಾಚಿನಲ್ಲಿ ಡಯಲ್ ಎಷ್ಟು ಫಳಫಳಿಸಿದರೂ ಬೆಲೆ ಇಳಿಸಿ ಕೇಳಿ. ಅದಿದ್ದರೂ ಕ್ರಿಕೆಟ್ಟಿಗೆ ಇಳಿಯುವಾಗ, ತೆಂಗಿನಕಾಯಿ ಸುಲಿಯುವಾಗ ವಾಚು ಬಿಚ್ಚಿಡಿ.