ಎರಡು ಭಾಷೆಯ ಓದುಗ, ಒಂದು ಭಾಷೆಯ ಸಂಶೋಧನೆ: ಆದವಾನಿ ಸೀಮೆ ಮತ್ತು ಸಾಮಾಜಿಕ ಮಾಧ್ಯಮದ ಅಧ್ಯಯನ

1953ರ ಅಕ್ಟೋಬರ್ 1ರಂದು ಮದ್ರಾಸ್ ರಾಜ್ಯದ ಬಳ್ಳಾರಿ ಜಿಲ್ಲೆ ಒಡೆದಾಗ ಆದವಾನಿ, ಆಲೂರು, ರಾಯದುರ್ಗ ತಾಲ್ಲೂಕುಗಳು ಹೊಸ ಆಂಧ್ರ ರಾಜ್ಯಕ್ಕೆ ಸೇರಿದವು. ಉಳಿದವು ಮೈಸೂರಿಗೆ ಬಂದವು. ಆದವಾನಿ, ಆಲೂರುಗಳು ಕರ್ನೂಲು ಜಿಲ್ಲೆಯ ಪಶ್ಚಿಮದ ಅಂಚಾದವು. ಆ ಅಂಚಿನ ಕನ್ನಡವನ್ನು ಕುರಿತ ಬರಹ ಹೆಚ್ಚಾಗಿ ಶಾಸನ, ಶಾಲೆ, ಗಡಿವಿವಾದ ಈ ಮೂರರ ಸುತ್ತ ನಡೆದಿದೆ. ಅಲ್ಲಿನ ಕನ್ನಡಿಗರು ಸುದ್ದಿಯನ್ನು ಎಲ್ಲಿಂದ ಪಡೆಯುತ್ತಾರೆ, ಅದರಿಂದ ಎಂಥ ರಾಜಕೀಯ ತಿಳಿವಳಿಕೆಯನ್ನು ಕಟ್ಟಿಕೊಳ್ಳುತ್ತಾರೆ ಎಂಬುದು ಗಡಿಯ ಆಚೀಚೆಯ ಎರಡೂ ಪತ್ರಿಕೋದ್ಯಮ ಅಧ್ಯಯನಗಳ ಕಣ್ಣಿಗೆ ಬೀಳದೆ ಉಳಿದ ಪ್ರಶ್ನೆ.

ಸಾಮಾಜಿಕ ಮಾಧ್ಯಮವನ್ನು ಕುರಿತ ಸಂಶೋಧನೆ ಈ ಪ್ರಶ್ನೆಯನ್ನು ಎತ್ತಬಹುದಿತ್ತು. ಮೊಬೈಲಿಗೆ ರಾಜ್ಯದ ಗಡಿಯಿಲ್ಲ ಎಂದು ಮೊದಲ ಪುಟದಲ್ಲೇ ಹೇಳುವ ಅಧ್ಯಯನಗಳು ಕ್ಷೇತ್ರಕ್ಕೆ ಇಳಿದಾಗ ಮಾತ್ರ ರಾಜ್ಯವನ್ನೇ ಘಟಕವಾಗಿ ಹಿಡಿಯುತ್ತವೆ. ಶಕುಂತಲಾ ಬಾನಾಜಿ ಮತ್ತು ರಾಮನಾಥ ಭಟ್ 2019ರಲ್ಲಿ ಪ್ರಕಟಿಸಿದ ‘ವಾಟ್ಸ್ಆಪ್ ವಿಜಿಲಾಂಟೀಸ್’ ಈ ಕ್ಷೇತ್ರದ ಮುಖ್ಯ ವರದಿಗಳಲ್ಲೊಂದು. ಸುಳ್ಳು ಸುದ್ದಿಯನ್ನು ಹರಡಿಸುವುದು ತಂತ್ರಜ್ಞಾನದ ಅರಿವುಗೇಡಿತನಕ್ಕಿಂತ ಹೆಚ್ಚಾಗಿ ಪೂರ್ವಗ್ರಹ ಎಂಬ ಅದರ ವಾದಕ್ಕೆ ತೂಕವಿದೆ. ಆದರೆ ಅದರ ಕ್ಷೇತ್ರಕಾರ್ಯವೂ ರಾಜ್ಯಗಳ ಲೆಕ್ಕದಲ್ಲೇ ನಡೆದದ್ದು. ಸಹನಾ ಉಡುಪ ಅವರ ‘ಮೇಕಿಂಗ್ ನ್ಯೂಸ್ ಇನ್ ಗ್ಲೋಬಲ್ ಇಂಡಿಯಾ’ ಬೆಂಗಳೂರಿನ ಪತ್ರಿಕಾಲಯಗಳ ಒಳಹೊಕ್ಕು ಬರೆದ ಗ್ರಂಥ. ಅಲ್ಲಿ ಕನ್ನಡದ ಎದುರು ನಿಲ್ಲುವ ಭಾಷೆ ಇಂಗ್ಲಿಷ್. ಆದವಾನಿಯಲ್ಲಿ ಕನ್ನಡದ ಪಕ್ಕದಲ್ಲಿರುವುದು ತೆಲುಗು, ಮತ್ತು ‘ಎದುರು’ ಎಂಬ ಪದ ಅಲ್ಲಿಗೆ ಹೊಂದುವುದೂ ಇಲ್ಲ. ಒಂದೇ ಮನೆಯಲ್ಲಿ, ಒಂದೇ ಫೋನಿನಲ್ಲಿ ಎರಡೂ ಇವೆ.

ತುಂಗಭದ್ರಾ ಅಣೆಕಟ್ಟೆಯ ಪ್ರಸಂಗವನ್ನು ಇಲ್ಲಿ ತುಸು ವಿವರವಾಗಿ ನೋಡಬೇಕು. 2024ರ ಆಗಸ್ಟ್ 10ರ ರಾತ್ರಿ ಹೊಸಪೇಟೆಯ ಬಳಿ ಜಲಾಶಯದ 33 ತೂಬುಗೇಟುಗಳಲ್ಲಿ 19ನೆಯದರ ಸರಪಳಿ ತುಂಡಾಗಿ ಗೇಟು ಕೊಚ್ಚಿಹೋಯಿತು. ತಾತ್ಕಾಲಿಕ ತಡೆಯ ಕೊನೆಯ ತುಂಡನ್ನು ಇಳಿಸುವಷ್ಟರಲ್ಲಿ ಆಗಸ್ಟ್ 17 ಬಂದಿತ್ತು. ಆ ವಾರವಿಡೀ ಕನ್ನಡದ ಚರ್ಚೆ ಹೊಣೆ ಯಾರದು ಎಂಬುದರ ಸುತ್ತ ಸುಳಿಯಿತು: ಕರ್ನಾಟಕ ಸರ್ಕಾರದ್ದೇ, ತುಂಗಭದ್ರಾ ಮಂಡಳಿಯದೇ? ತೆಲುಗಿನಲ್ಲಿ ಮುಂದಕ್ಕೆ ಬಂದದ್ದು ಪಾಲಿನ ಪ್ರಶ್ನೆ: ಹರಿದುಹೋದ ನೀರಿನಲ್ಲಿ ರಾಯಲಸೀಮೆಯ ಕಾಲುವೆಗಳಿಗೆ ಏನು ಉಳಿದೀತು? ಈಗ ಬಳ್ಳಾರಿ ಜಿಲ್ಲೆಯನ್ನು ದಾಟಿ ಕರ್ನೂಲಿನ ಪಶ್ಚಿಮ ಮಂಡಲಗಳಿಗೆ ಬರುವ ಕೆಳಮಟ್ಟದ ಕಾಲುವೆಯನ್ನು ನೆಚ್ಚಿದ ರೈತನನ್ನು ಎಣಿಸಿಕೊಳ್ಳಬೇಕು. ಜಲಾಶಯದ ಮಟ್ಟ ಎಷ್ಟು, ದುರಸ್ತಿ ಎಲ್ಲಿಗೆ ಬಂತು ಎಂಬುದರ ಹತ್ತಿರದ ವರದಿ ಅವನಿಗೆ ಸಿಗುವುದು ಹೊಸಪೇಟೆ, ಬಳ್ಳಾರಿಗಳ ಕನ್ನಡದಲ್ಲಿ. ತನ್ನ ಉಪಕಾಲುವೆಗೆ ನೀರು ಬಿಡುವ ದಿನ ತಿಳಿಯುವುದು ಆಂಧ್ರದ ಜಲಸಂಪನ್ಮೂಲ ಇಲಾಖೆಯ ತೆಲುಗಿನಲ್ಲಿ. ಒಂದರಲ್ಲಿರುವುದು ಇನ್ನೊಂದರಲ್ಲಿ ಪೂರ್ತಿಯಾಗಿ ಇರುವುದಿಲ್ಲ. ಎರಡನ್ನೂ ಕೂಡಿಸಿ, ತಾಳೆ ನೋಡಿ, ಬೇಡದ್ದನ್ನು ಬಿಟ್ಟು ಅರ್ಥ ಮಾಡಿಕೊಳ್ಳುವ ಕೆಲಸ ಅವನದೇ. ಯಾವ ಪತ್ರಿಕಾಲಯವೂ ಮಾಡದ ಸಂಪಾದಕೀಯ ದುಡಿಮೆ ಇದು. ‘ಬಳಕೆದಾರ’ ಎಂಬ ಪಾಠಪುಸ್ತಕದ ಪದ ಈ ದುಡಿಮೆಯನ್ನು ಸಂಪೂರ್ಣವಾಗಿ ಮರೆಮಾಡುತ್ತದೆ.

ಈ ಹಂಚಿಕೆಯನ್ನು ವಿವರಿಸಲು ಲೀಸಾ ಮಿಚೆಲ್ ಅವರ 2009ರ ಗ್ರಂಥ ‘ಲ್ಯಾಂಗ್ವೇಜ್, ಎಮೋಷನ್ ಅಂಡ್ ಪಾಲಿಟಿಕ್ಸ್ ಇನ್ ಸೌತ್ ಇಂಡಿಯಾ’ ನೆರವಾಗುತ್ತದೆ. ಒಂದೊಂದು ಕೆಲಸಕ್ಕೆ ಒಂದೊಂದು ಭಾಷೆಯೆಂದು ಪರಸ್ಪರ ಪೂರಕವಾಗಿದ್ದ ಭಾಷೆಗಳು ಆಧುನಿಕ ಕಾಲದಲ್ಲಿ ಎಲ್ಲ ಕೆಲಸಕ್ಕೂ ಸಲ್ಲುವ ಸಮಾನಾಂತರ ಭಾಷೆಗಳಾದವು, ಮಾತೃಭಾಷೆಯ ಕಲ್ಪನೆ ಬೆಳೆದದ್ದು ಆಗ ಎಂಬುದು ತೆಲುಗನ್ನು ಮುಂದಿಟ್ಟು ಅವರು ಮಂಡಿಸಿದ ವಾದ. ಆದವಾನಿಯ ಫೋನಿನಲ್ಲಿ ಭಾಷೆಗಳು ಮತ್ತೆ ಪೂರಕವಾಗಿವೆ. ಇದನ್ನು ಬಹುಭಾಷಿಕ ಸಾಮರಸ್ಯವೆಂದು ಕೊಂಡಾಡಿ ಮುಗಿಸುವುದು ಸುಲಭ. ಆದರೆ ಹಂಚಿಕೆ ಸಮವಾದುದಲ್ಲ. ಪುರಸಭೆ, ಹತ್ತಿ ಮಾರುಕಟ್ಟೆ, ಮಂಡಲ ಕಚೇರಿ, ಪೊಲೀಸ್ ಠಾಣೆಯ ಸುದ್ದಿ ತೆಲುಗಿನದು. ಕನ್ನಡದಲ್ಲಿ ಬರುವುದು ಬೆಂಗಳೂರಿನ ಪಕ್ಷಜಗಳ, ಸಿನಿಮಾ, ಮಠಗಳ ಕಾರ್ಯಕ್ರಮ. ತೆಲುಗು ದಿನಪತ್ರಿಕೆಗಳ ಜಿಲ್ಲಾ ಪುಟಗಳು ಓದುಗರಿಗೆ ತಮ್ಮ ಊರನ್ನೇ ಸುದ್ದಿಯಾಗಿ ತೋರಿಸಿದ ಬಗೆಯನ್ನು ರಾಬಿನ್ ಜೆಫ್ರಿ ‘ಈನಾಡು’ವಿನ ಉದಾಹರಣೆಯಿಂದ ವಿವರಿಸಿದ್ದಾರೆ. ಕರ್ನೂಲಿನ ಪಶ್ಚಿಮದಲ್ಲಿ ಕನ್ನಡಕ್ಕೆ ಆ ಪುಟ ದಕ್ಕಲಿಲ್ಲ. ಸಾಮಾಜಿಕ ಮಾಧ್ಯಮವೂ ಅದನ್ನು ತಾನಾಗಿ ತುಂಬಿಕೊಡುವುದಿಲ್ಲ. ಹೀಗೆ ಕನ್ನಡ ದೂರದ ರಾಜಕಾರಣವನ್ನು ನೋಡುವ ಭಾಷೆಯಾಗುತ್ತದೆ, ಹತ್ತಿರದ ರಾಜಕಾರಣವನ್ನು ಪ್ರಶ್ನಿಸುವ ಭಾಷೆಯಾಗಿ ಬೆಳೆಯುವುದಿಲ್ಲ. ಕನ್ನಡ ಮಾಧ್ಯಮದಲ್ಲಿ ಕಲಿತ ಹುಡುಗಿಗೆ ತನ್ನ ಊರಿನ ಕುಡಿಯುವ ನೀರಿನ ಬಗ್ಗೆ ಬರೆಯಬೇಕಾದಾಗ ಅದಕ್ಕೆ ಬೇಕಾದ ಕನ್ನಡ ಎಲ್ಲೂ ಸಿದ್ಧವಾಗಿರುವುದಿಲ್ಲ.

2024ರ ಚುನಾವಣೆ ಇದನ್ನು ದಿನಾಂಕಗಳಲ್ಲೇ ತೋರಿಸಿತು. ಬಳ್ಳಾರಿ ಲೋಕಸಭಾ ಕ್ಷೇತ್ರದಲ್ಲಿ ಮತದಾನ ಮೇ 7ಕ್ಕೆ. ಆಂಧ್ರದಲ್ಲಿ ಲೋಕಸಭೆ, ವಿಧಾನಸಭೆ ಎರಡಕ್ಕೂ ಮೇ 13ಕ್ಕೆ. ಅಂದರೆ ಕರ್ನಾಟಕದ ಮತದಾನ ಮುಗಿದ ಮೇಲೆ ಆದವಾನಿಯ ಮತದಾರನಿಗೆ ಇನ್ನೂ ಆರು ದಿನವಿತ್ತು. ಕನ್ನಡದಲ್ಲಿ ಅವನ ಫೋನಿಗೆ ಬಂದ ಪ್ರಚಾರ ಅವನು ಮತ ಹಾಕಲಾಗದ ಚುನಾವಣೆಯದು. ಮತದಾನಕ್ಕೆ ಮುಂಚಿನ 48 ಗಂಟೆಗಳ ಪ್ರಚಾರ ನಿಷೇಧವನ್ನು ಪತ್ರಿಕೋದ್ಯಮದ ತರಗತಿಯಲ್ಲಿ ಪಾಠ ಮಾಡುವವರು ಬೇರೆ ಉದಾಹರಣೆ ಹುಡುಕಬೇಕಿಲ್ಲ: ಬಳ್ಳಾರಿ ಮೌನವಾಗಿದ್ದಾಗ ಆಲೂರಿನಲ್ಲಿ ಧ್ವನಿವರ್ಧಕ ಕೂಗುತ್ತಿರಲು ಕಾನೂನು ಅಡ್ಡಿಯಿರಲಿಲ್ಲ. ವಿಡಿಯೊಗಳಿಗೆ ಗಡಿ ದಾಟಲು ಬಸ್ಸಿನ ಹಂಗೂ ಇಲ್ಲ.

ಸಂಶೋಧನೆಯ ವಿಧಾನದಲ್ಲಿರುವ ತೊಡಕು ಇನ್ನೂ ಸೂಕ್ಷ್ಮ. ಯೂನಿಕೋಡಿನಲ್ಲಿ ತೆಲುಗು, ಕನ್ನಡ ಲಿಪಿಗಳಿಗೆ ಅಕ್ಕಪಕ್ಕದ ಬೇರೆಬೇರೆ ವಲಯಗಳಿವೆ. ಭಾಷೆಯನ್ನು ಲಿಪಿಯಿಂದ ಗುರುತಿಸುವ ಉಪಕರಣ, ತೆಲುಗು ಮಾಧ್ಯಮದಲ್ಲಿ ಓದಿದವರು ತೆಲುಗು ಅಕ್ಷರದಲ್ಲಿ ಬರೆದ ಕನ್ನಡವನ್ನು ತೆಲುಗೆಂದೇ ಎಣಿಸುತ್ತದೆ. ರೋಮನ್ ಲಿಪಿಯಲ್ಲಿದ್ದರೆ ಗೊಂದಲ ಬೇರೆ. ಧ್ವನಿಸಂದೇಶವಾದರೆ ಲೆಕ್ಕಕ್ಕೇ ಬರುವುದಿಲ್ಲ. ಜನಗಣತಿಯ ಕಾಲಂ ನುಂಗಿದ ದ್ವಿಭಾಷಿಕರನ್ನು ದತ್ತಾಂಶವಿಜ್ಞಾನ ಎರಡನೆಯ ಬಾರಿ ನುಂಗುವ ಬಗೆಯಿದು. ಇದರ ಮೇಲೆ, ಫೇಸ್‌ಬುಕ್ಕಿನ ಸಾರ್ವಜನಿಕ ಬರಹಗಳನ್ನು ಹುಡುಕಲು ಸಂಶೋಧಕರು ಬಳಸುತ್ತಿದ್ದ ಕ್ರೌಡ್‌ಟ್ಯಾಂಗಲ್ ಅನ್ನು ಮೆಟಾ ಮುಚ್ಚಿದ್ದು 2024ರ ಆಗಸ್ಟ್ 14ರಂದು. 19ನೆಯ ಗೇಟಿನಿಂದ ನೀರು ಇನ್ನೂ ಹರಿಯುತ್ತಿದ್ದ ದಿನ.

ಹಾಗಾದರೆ ಉಳಿಯುವುದು ಗುಂಪುಗಳ ಒಳಗೆ ಹೋಗಿ ಮಾಡುವ ಕೆಲಸ. ಗರಿಮೆಲ್ಲಾ ಮತ್ತು ಎಕಲ್ಸ್ 2020ರಲ್ಲಿ ಪ್ರಕಟಿಸಿದ ಅಧ್ಯಯನದಂತೆ ಯಾರೂ ಸೇರಬಹುದಾದ ರಾಜಕೀಯ ವಾಟ್ಸ್ಆಪ್ ಗುಂಪುಗಳಿಂದ ಚಿತ್ರಗಳನ್ನು ಸಂಗ್ರಹಿಸುವುದು ಒಂದು ದಾರಿ. ಅಲ್ಪಸಂಖ್ಯಾತ ಭಾಷೆಯ ಕ್ಷೇತ್ರದಲ್ಲಿ ಅದು ಅಪಾಯದ ದಾರಿಯೂ ಹೌದು. ಒಂದು ಮಂಡಲದ ಕನ್ನಡ ಶಿಕ್ಷಕರ ಗುಂಪು ಎಂದರೆ ಸಾಕು, ಹೆಸರು ಅಳಿಸಿದರೂ ಮಾತನಾಡಿದವರು ಯಾರೆಂದು ಊರಿಗೆ ಗೊತ್ತಾಗುತ್ತದೆ. ವಿದ್ಯಾರ್ಥಿಗಳಿಗೆ ಒಪ್ಪಿಗೆಪತ್ರದ ನಮೂನೆ ಕೊಡುವ ಮೊದಲು ಕಲಿಸಬೇಕಾದ್ದು ಇದನ್ನು.

ಕಲಿಕೆಗೆ ಸಾಮಗ್ರಿಯ ಕೊರತೆಯೇನೂ ಇಲ್ಲ. ಅರಬ್ ವಸಂತ, ಕೇಂಬ್ರಿಡ್ಜ್ ಅನಲಿಟಿಕಾಗಳು ಪಠ್ಯದಲ್ಲಿ ಇರಲಿ. ಜೊತೆಗೆ ಹೊಳಗುಂದ ಮಂಡಲದ ದೇವರಗಟ್ಟೂ ಇರಲಿ. ವಿಜಯದಶಮಿಯ ರಾತ್ರಿ ಮಾಳ ಮಲ್ಲೇಶ್ವರನ ಮೂರ್ತಿಗಾಗಿ ಊರವರು ಕೋಲು ಹಿಡಿದು ಸೆಣಸುವ ದೃಶ್ಯ ವರ್ಷವರ್ಷವೂ ದೇಶವೆಲ್ಲ ಸುತ್ತುತ್ತದೆ. ಗಾಯಗೊಂಡವರ ಲೆಕ್ಕ ಬರುತ್ತದೆ, ಪೊಲೀಸ್ ಬಂದೋಬಸ್ತಿನ ಸುದ್ದಿ ಬರುತ್ತದೆ, ಅಲ್ಲಿಗೆ ಮುಗಿಯುತ್ತದೆ. ತೆಲುಗು ಶೀರ್ಷಿಕೆಗಳು ಇದನ್ನು ‘ಕರ್ರಲ ಸಮರಂ’ ಎನ್ನುತ್ತವೆ. ಆದರೂ ಉತ್ಸವದ ಹೆಸರು ತೆಲುಗಿನಲ್ಲೂ ‘ಬನ್ನಿ’ಯೇ, ‘ಜಮ್ಮಿ’ ಅಲ್ಲ. ಗಡಿಯ ಭಾಷಾಚರಿತ್ರೆ ಆ ಒಂದು ಪದದಲ್ಲಿ ಉಳಿದಿದೆ. ‘ಸಮರಂ’ ಎಂದು ಹುಡುಕಿದವರಿಗೆ ಹೊಡೆದಾಟ ಸಿಗುತ್ತದೆ. ‘ಬನ್ನಿ’ಯನ್ನು ಎರಡೂ ಲಿಪಿಗಳಲ್ಲಿ ಹುಡುಕಿ, ಸಿಕ್ಕಿದ್ದನ್ನು ಸುತ್ತಲಿನ ಊರವರ ಮುಂದಿಟ್ಟು ಕೇಳಿದ ವಿದ್ಯಾರ್ಥಿಗೆ ವಿಡಿಯೊ ಯಾವ ವರ್ಷದ್ದು, ಯಾರು ತೆಗೆದದ್ದು, ಯಾವ ಊರಿನವರು ಅದನ್ನು ಹಂಚಲು ಒಪ್ಪಲಿಲ್ಲ ಎಂಬ ಪ್ರಶ್ನೆಗಳಾದರೂ ಎದುರಾಗುತ್ತವೆ.